ಬ್ಯಾಡ ಅಂದವನ ಊಟ

ಪಣಜಿಯ ಬಸ್ಸು ಬಾಣಸ್ತಾರಿಯ ಸೇತುವೆ ಏರುವಾಗ ಹುಲಿಗೆಪ್ಪನ ಹೊಟ್ಟೆ ಒಂದು ಮಾತಾಡಿತು. ಎಷ್ಟು ಗಟ್ಟಿಯಾಗಿ ಆಡಿತೆಂದರೆ, ಇಳಿಯುವವರು ಯಾರೋ ಇದ್ದಾರೆಂದು ತಿಳಿದು ಕಂಡಕ್ಟರ್ ಸೀಟಿ ಹೊಡೆದ, ಬಸ್ಸು ಸೇತುವೆಯ ನಡುಮಧ್ಯೆ ನಿಂತಿತು. ಇಳಿಯುವವರು ಯಾರೂ ಇರಲಿಲ್ಲ. ಹುಲಿಗೆಪ್ಪ ಕಿಟಕಿಯಾಚೆಯ ನದಿಯನ್ನು ಅದನ್ನು ಕೊಳ್ಳಲು ಬಂದವನ ಹಾಗೆ ನೋಡುತ್ತ ಕೂತ. ಮುಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಿದ್ದ ಹೆಂಡತಿ ಚಂದವ್ವ ಮಾತ್ರ ಹಿಂದೆ ತಿರುಗಿದಳು, ಆ ದನಿ ಅವಳಿಗೆ ಮದುವೆಯಾದಾಗಿನಿಂದ ಪರಿಚಯ. ಮುಂಜಾನೆ ಉಸಗಾಂವದ ಮನೆಯಲ್ಲಿ ಅವಳು ರೊಟ್ಟಿ ಬಡಿದು ಮುಂದಿಟ್ಟಾಗ ಅವನು ತಾಟನ್ನು ಹಿಂದಕ್ಕೆ ಸರಿಸಿ, ಇವತ್ತು ಒಳಗೆ ಜಾಗ ಬೇಕು ಎಂದಿದ್ದ. ನಿನ್ನೆ ರಾತ್ರಿಯೂ ಅರ್ಧ ಹೊಟ್ಟೆಗೆ ಎದ್ದಿದ್ದ. ಗಿಲಾಯಿ ಮಾಡುವ ಮುಂಚೆ ಗೋಡೆಗೆ ನೀರು ಹೊಡೆದು ಸಿಮೆಂಟು ಹಿಡಿಯಲು ಹದ ಮಾಡುತ್ತಾರಲ್ಲ, ಹಾಗೆ ಅವನು ಹೊಟ್ಟೆಯನ್ನು ಹದ ಮಾಡುತ್ತಿದ್ದ. ಉಸಗಾಂವದ ಸೈಟಿನಲ್ಲಿ ಜೊತೆಗಾರರಿಗೆ ಆಗಲೇ ಎಲ್ಲ ವರ್ಣಿಸಿ ಮುಗಿಸಿದ್ದ, ತಿಂದು ಬಂದವನ ಹಾಗೆಯೇ. ಇವತ್ತು ಉಣ್ಣಲು ಹೊರಟ ಹೋಟೆಲಿನ ನೂಡಲ್ಸು ಎಷ್ಟು ಉದ್ದವೆಂದರೆ ಒಂದು ತುದಿ ನಮ್ಮ ತಾಟಿನಲ್ಲಿರುತ್ತದೆ, ಇನ್ನೊಂದು ತುದಿ ಒಳಗೆ ಒಲೆಯ ಮೇಲೆಯೇ ಇರುತ್ತದೆ, ಜೋರಾಗಿ ಜಗ್ಗಿದರೆ ಅಡುಗೆಯವನೇ ಹೊರಗೆ ಬಂದುಬಿಡುತ್ತಾನೆ ಎಂದಿದ್ದ. ಹೇಳುವಾಗ ಸುಳ್ಳೆಂದು ಗೊತ್ತಿತ್ತು. ಈಗ ಬಸ್ಸಿನಲ್ಲಿ ಅಷ್ಟು ಗೊತ್ತಿರಲಿಲ್ಲ.

ಆ ಅಡುಗೆಯವನೇ ಭರತ, ಮಗಳು ಜಯಶ್ರೀಯನ್ನು ಹೆಣ್ಣು ನೋಡಿಕೊಂಡು ಹೋದ ಹುಡುಗ. ಊರು ಇಳಕಲ್ ಹತ್ತಿರ, ಕೆಲಸ ಪಣಜಿಯ ‘ಪೀಕಿಂಗ್ ಪ್ರಸಾದ’ ಎಂಬ ಹೋಟೆಲಿನಲ್ಲಿ. ಚೀನಾದವರು ಅವನ ಕೈ ರುಚಿ ನೋಡಿದರೆ ತಮ್ಮ ದೇಶದ ಅಡುಗೆಯನ್ನೇ ಬಿಟ್ಟುಬಿಡುತ್ತಾರೆಂದು ಅವನ ಸೋದರಮಾವ ಪರಮಣ್ಣ ಹೇಳಿದ್ದ. ಸುಳ್ಳನ್ನು ಸುಳ್ಳುಗಾರ ಗುರುತಿಸುತ್ತಾನೆ ನಿಜ, ಆದರೆ ಹುಲಿಗೆಪ್ಪನಿಗೆ ಆ ಮಾತಿನಲ್ಲಿ ಸಿಟ್ಟಿಗಿಂತ ನೆಂಟಸ್ತನವೇ ಕಂಡಿತ್ತು. ಹುಡುಗ ಅವನಿಗೆ ಹಿಡಿಸಿದ್ದ. ಚಂದವ್ವನಿಗೂ ಹಿಡಿಸಿದ್ದ. ಜಯಶ್ರೀ ಅವತ್ತಿನಿಂದ ಔಷಧಿ ಕಂಪನಿಯ ಪ್ಯಾಕಿಂಗ್ ಕೆಲಸಕ್ಕೆ ಹೋಗುವಾಗ ಎರಡು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಉಳಿದದ್ದು ಒಂದೇ, ಉಣ್ಣುವುದು. ಅವರ ಊರುಗಳ ಕಡೆ ಇದನ್ನು ಬಾಯಲ್ಲಿ ಹೇಳುವುದಿಲ್ಲ. ಹೆಣ್ಣಿನವರು ಗಂಡಿನ ಮನೆಗೆ ಹೋಗುತ್ತಾರೆ. ಸಂಬಂಧ ಒಪ್ಪಿಗೆಯಾದರೆ ಕೂತು ಉಣ್ಣುತ್ತಾರೆ, ಆಗದಿದ್ದರೆ ಏನೋ ನೆಪ ಹೇಳಿ ಒಂದು ಗುಟುಕು ನೀರೂ ಮುಟ್ಟದೆ ಎದ್ದು ಬರುತ್ತಾರೆ. ಯಾರೂ ಯಾರಿಗೂ ಇಲ್ಲ ಎನ್ನಬೇಕಾದ್ದಿಲ್ಲ. ಭರತನಿಗೆ ಪಣಜಿಯಲ್ಲಿ ಮನೆ ಎಂಬುದಿರಲಿಲ್ಲ, ಹೋಟೆಲಿನ ಹಿಂದಿನ ಖೋಲಿಯಲ್ಲಿ ನಾಲ್ವರ ಜೊತೆ ಮಲಗುತ್ತಿದ್ದ. ಫೋನಿನಲ್ಲಿ ಅವನು, ಕಾಕಾರ, ನನ್ನ ಒಲಿ ಇದ್ದಲ್ಲೇ ನನ್ನ ಮನಿ, ಬುಧವಾರ ಮಧ್ಯಾಹ್ನ ಬರ್ರಿ ಎಂದಿದ್ದ. ಆ ಮಾತು ಕೇಳಿದ ಕ್ಷಣವೇ ಹುಲಿಗೆಪ್ಪ ಮನಸ್ಸಿನಲ್ಲಿ ಮಗಳನ್ನು ಕೊಟ್ಟಾಗಿತ್ತು. ಈಗ ಹೊರಟಿದ್ದು ಬರೀ ಉಣ್ಣಲು, ಮತ್ತು ಆ ಬರೀ ಉಣ್ಣುವುದನ್ನು ನೆನೆದಾಗಲೆಲ್ಲ ಅವನ ಅಂಗಾಲಿನಿಂದ ಏನೋ ಜುಮ್ಮೆಂದು ಏರಿ ಕಿವಿಯ ಹತ್ತಿರ ನಿಲ್ಲುತ್ತಿತ್ತು.

ಹೋಟೆಲಿನ ಬಾಗಿಲು ತೆರೆದ ಕೂಡಲೇ ಒಳಗಿನ ತಂಪು ಎದೆಗೆ ಬಂದು ಗುದ್ದಿತು. ಒಂದು ಗೋಡೆಯ ಮೇಲೆ ಬೆಂಕಿ ಉಗುಳುವ ಹಾವಿನಂಥ ಪ್ರಾಣಿ, ಅದರ ಎದುರಿನ ಗೋಡೆಯಲ್ಲಿ ಊದಿನಕಡ್ಡಿ ಹೊಗೆಯ ನಡುವೆ ಗಣಪತಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ಇವತ್ತು ಯಾರ ಸರದಿ ಎಂದು ವಿಚಾರಿಸಿಕೊಳ್ಳುವಂತಿತ್ತು. ಕೆಂಪು ಕಾಗದದ ಬುಡ್ಡಿದೀಪಗಳು ತೂಗುತ್ತಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಮೀನು ಹುಲಿಗೆಪ್ಪನನ್ನು ಕಂಡು ಬಾಯಿ ತೆರೆದು ಮುಚ್ಚಿತು, ಅದೂ ಹಸಿದಿದೆ ಎಂದುಕೊಂಡ. ಮೂಲೆಯ ಟೇಬಲ್ಲಿನಲ್ಲಿ ಪ್ರವಾಸಕ್ಕೆ ಬಂದವರಲ್ಲಿ ಒಬ್ಬರು ಶೆಜ್ವಾನ್ ದೋಸೆಯೊಳಗಿನಿಂದ ನೂಡಲ್ಸು ಎಳೆದು ತಿನ್ನುತ್ತಿದ್ದರು. ಹುಲಿಗೆಪ್ಪ ಆ ಎಳೆಯ ಇನ್ನೊಂದು ತುದಿಯನ್ನು ಕಣ್ಣಲ್ಲೇ ಹಿಂಬಾಲಿಸಿದ. ಅದು ದೋಸೆಯಲ್ಲೇ ಮುಗಿಯಿತು. ದೂರದ ಗೋಡೆಯಲ್ಲಿ ಚೌಕಾಕಾರದ ಒಂದು ಕಿಂಡಿ, ಅದರಾಚೆ ಅಡುಗೆಮನೆ. ಕಿಂಡಿಯಲ್ಲಿ ಕೆಂಪು ವಸ್ತ್ರ ಕಟ್ಟಿದ ತಲೆಯೊಂದು ಕಾಣಿಸಿ, ಇವರನ್ನು ನೋಡಿ, ಹೆದರಿದಂತೆ ಒಳಗೆ ಸರಿಯಿತು. ಜಯಶ್ರೀ ಸೆರಗನ್ನು ಸರಿಮಾಡಿಕೊಂಡಳು, ಅದು ಸರಿಯಾಗಿಯೇ ಇತ್ತು. ನಾಲ್ಕು ಕುರ್ಚಿಯ ಟೇಬಲ್ಲು. ನಾಲ್ಕನೆಯದು ಪರಮಣ್ಣನಿಗೆ. ಅವನು ಬೇತಿಯಲ್ಲಿ ಫೆರಿ ದೋಣಿ ನಿಲ್ಲುವ ಧಕ್ಕೆಯಲ್ಲಿ ಕೆಲಸ ಮಾಡುವವನು, ಗಂಡಿನ ಕಡೆಯ ಯಜಮಾನನಾಗಿ ಕೂತು ಉಣಿಸುವವನು ಅವನೇ. ಆದರೆ ಅಷ್ಟರಲ್ಲಿ ಅವನ ಫೋನು ಬಂತು. ಬದಲಿ ಮನುಷ್ಯ ಬಂದಿಲ್ಲ, ಧಕ್ಕೆ ಬಿಡುವಂತಿಲ್ಲ, ನೀವು ಸುರು ಮಾಡ್ರಿ, ಹುಡುಗ ಒಂದೊಂದೇ ಕಳಸ್ತಾನ, ನಾಚಿಗಿ ಮಾಡಬ್ಯಾಡ್ರಿ ಎಂದು ಹೇಳಿ ಇಟ್ಟ. ಹುಲಿಗೆಪ್ಪ ಖಾಲಿ ಕುರ್ಚಿಯನ್ನು ನೋಡಿದ. ನೆಂಟನಾಗಿ ಉಣ್ಣಲು ಕೂತಾಗ ಎದುರಿಗೆ ಒತ್ತಾಯ ಮಾಡುವವನೇ ಇಲ್ಲದ ಊಟ ಅವನ ಜೀವನದಲ್ಲಿ ಇದೇ ಮೊದಲು. ಅದು ಆಗ ಅವನಿಗೆ ಹೊಳೆಯಲಿಲ್ಲ.

ಬಡಿಸುವವನ ಹೆಸರು ಅಜಯ, ಅಸ್ಸಾಮಿನವನು, ಎದೆಯ ಮೇಲೆ ಹೆಸರಿನ ಪಟ್ಟಿ, ಎತ್ತರದ ಆಳು, ಮುಖದ ತುಂಬ ಒಂದು ಶಾಂತ ನಗೆ. ನೀರಿನ ಬಾಟಲಿ ಹಿಡಿದು ಬಂದು ತಣ್ಣಗಿನದು ಕೊಡಲೇ ಎಂದು ಹಿಂದಿಯಲ್ಲಿ ಕೇಳಿದ. ಹುಲಿಗೆಪ್ಪ ಇರಲಿ ಇರಲಿ ಎಂದ. ಹಾಗೆನ್ನುವುದು ಪದ್ಧತಿ. ಅಜಯ ತಲೆಬಾಗಿ ಬಾಟಲಿಯನ್ನು ತೆಗೆದುಕೊಂಡು ಹೋದ. ಚಂದವ್ವ ಗಂಡನ ಮುಖ ನೋಡಿದಳು. ಈಗ ತರುತ್ತಾನೆ ಎಂದು ಅವನು ಕಣ್ಣಲ್ಲೇ ಹೇಳಿದ, ಅವಳು ಕಣ್ಣಲ್ಲೇ ಬೇರೇನೋ ತಿಳಿದುಕೊಂಡಳು. ಆಮೇಲೆ ಸೂಪು ಬಂತು, ಬೋಗುಣಿಯ ತುಂಬ ಕಪ್ಪು ಕೆಂಪು ನೀರು, ಮೇಲೆ ಕರಿದ ಸೇವು, ಬೆಳ್ಳುಳ್ಳಿಯ ವಾಸನೆ. ಆ ವಾಸನೆ ಮೂಗಿನಿಂದ ಒಳಗೆ ಹೋಗಿ ನಿನ್ನೆ ರಾತ್ರಿಯಿಂದ ಖಾಲಿಯಿದ್ದ ಕೋಣೆಗಳ ಬಾಗಿಲನ್ನೆಲ್ಲ ಒಂದೊಂದಾಗಿ ಬಡಿಯಿತು. ಅಜಯ ಸೌಟು ಎತ್ತಿ ಕೇಳಿದ. ಹುಲಿಗೆಪ್ಪ ಒಂದು ಕೈಯನ್ನು ಬಟ್ಟಲಿಗೆ ಅಡ್ಡ ಹಿಡಿದು ನಕೋ ನಕೋ ಎಂದ. ಸೌಟು ಬೋಗುಣಿಗೆ ಮರಳಿತು. ಬೋಗುಣಿ ಅಜಯನ ಕೈಯಲ್ಲಿ ಮೇಲೆದ್ದು, ಕೆಂಪು ಬುಡ್ಡಿಗಳ ಕೆಳಗೆ ಹಾದು, ಮೀನಿನ ಪೆಟ್ಟಿಗೆಯ ಪಕ್ಕ ತಿರುಗಿ, ಕಿಂಡಿಯೊಳಗೆ ಹೋಯಿತು. ಹುಲಿಗೆಪ್ಪನ ಕೈ ಇನ್ನೂ ಬಟ್ಟಲಿನ ಮೇಲೆಯೇ ಇತ್ತು.

ಏನೋ ತಪ್ಪಿದೆ ಎನ್ನಿಸಿತು, ಆದರೆ ತಪ್ಪು ತನ್ನ ಕಡೆಯದಿರಲಾರದು. ಬೇಡ ಎನ್ನುವುದರಲ್ಲಿ ಹುಲಿಗೆಪ್ಪನನ್ನು ಮೀರಿಸುವವರು ಅವನ ಊರ ಕಡೆ ಹುನಗುಂದದಿಂದ ಈಚೆ ಇರಲಿಲ್ಲ. ಮೊದಲನೆಯ ಬ್ಯಾಡ ಎಂದರೆ ನಮಸ್ಕಾರ. ಎರಡನೆಯದು ಮನೆಯವರ ಕುಶಲ ಕೇಳಿದಂತೆ. ಮೂರನೆಯದಕ್ಕೆ ಎರಡೂ ಕೈ ಅಡ್ಡ ಹಿಡಿದು ಮೈಯೆಲ್ಲ ಎಲೆಯ ಮೇಲೆ ಬಾಗಿ, ಸತ್ತೇ ಹೋಗುತ್ತೇನೆ ಎಂಬಂತೆ ಕೂಗಿ, ಬೆರಳುಗಳ ನಡುವೆ ಮಾತ್ರ ಒಂದಿಷ್ಟು ಸಂದಿ ಬಿಟ್ಟಿರಬೇಕು. ಬಡಿಸುವವನು ಬಲ್ಲವನಾದರೆ ಆ ಸಂದಿಯನ್ನು ಹುಡುಕಿ ಅದರೊಳಗೆ ಸುರಿಯುತ್ತಾನೆ. ಅವನ ದೊಡ್ಡಪ್ಪ ಒಬ್ಬನಿದ್ದ, ಹಾಗೆ ಬ್ಯಾಡ ಬ್ಯಾಡ ಎಂದೇ ಬಿಸಿ ತುಪ್ಪ ಬಿದ್ದು ಎರಡೂ ಅಂಗೈಯ ಹಿಂಬದಿ ಕಲೆಯಾಗಿದ್ದವು. ಹೆಣ್ಣು ಕೊಡುವವರು ಆ ಕಲೆ ನೋಡಿಯೇ ಮನೆತನ ಚಲೋ ಐತಿ ಎಂದು ಒಪ್ಪಿದ್ದರಂತೆ. ಹಾಗೆ ಕಲಿತವನು ಹುಲಿಗೆಪ್ಪ. ಒಂದೇ ಬ್ಯಾಡಕ್ಕೆ ಬೋಗುಣಿ ಎತ್ತಿಕೊಂಡು ಹೋಗುವ ಮನುಷ್ಯನನ್ನು ಅವನು ಕಂಡದ್ದೇ ಇಲ್ಲ. ಊರಿಗೆ ಹೋದರೆ ಯಾರಿಗೂ ಹೇಳುವಂತಿಲ್ಲ, ಇದನ್ನು ಮಾತ್ರ ನಂಬುವುದಿಲ್ಲ ಜನ. (ಪ್ರವಾಸಿಗರು ಯಾರೋ ಇಲ್ಲಿ ಬೇಡವೆಂದರೂ ಬಡಿಸಿ ಬಿಲ್ಲು ಹೆಚ್ಚಿಸುತ್ತಾರೆಂದು ಫೋನಿನಲ್ಲಿ ಬರೆದಿದ್ದರು, ಅಂದಿನಿಂದ ಮಾಲಕ ಗಿರಾಕಿಯನ್ನು ಒಂದೇ ಸಲ ಕೇಳಬೇಕೆಂದು ಕಟ್ಟಪ್ಪಣೆ ಮಾಡಿದ್ದ. ಇದು ಹುಲಿಗೆಪ್ಪನಿಗೆ ತಿಳಿದದ್ದು ಮಗಳ ಮದುವೆಯಾದ ಮೇಲೆ.)

ಆಮೇಲೆ ಲಾಲಿಪಾಪ್ ಬಂದವು. ಕೋಳಿಯ ರೆಕ್ಕೆಯ ಮಾಂಸವನ್ನೆಲ್ಲ ಒಂದು ತುದಿಗೆ ಒತ್ತಿ ಗುಂಡಗೆ ಮಾಡಿ, ಎಲುಬಿನ ಹಿಡಿಕೆಗೆ ಬೆಳ್ಳಿ ಕಾಗದ ಸುತ್ತಿ, ಬಣ್ಣ ಕೆಂಪಗೆ, ಇನ್ನೂ ಚುರುಗುಡುತ್ತ. ಹಿಡಿದುಕೊಳ್ಳಲೆಂದೇ ಯಾರೋ ಯೋಚಿಸಿ ಹಿಡಿಕೆ ಮಾಡಿದ್ದರಲ್ಲ ಎಂಬ ಸಂಗತಿಯೇ ಹುಲಿಗೆಪ್ಪನ ಕಣ್ಣಲ್ಲಿ ನೀರು ತರಿಸಿತು. ಜೀವನವಿಡೀ ಗಾರೆ ಬಳಿಯುವ ಕರಣಿಯ ಹಿಡಿಕೆ ಹಿಡಿದವನು, ಕೋಳಿಗೂ ಹಿಡಿಕೆ ಉಂಟೆಂದು ಗೊತ್ತಿರಲಿಲ್ಲ. ಈ ಸಲ ಅವನು ಜಾಣನಾದ. ಬ್ಯಾಡ ಎನ್ನುವುದನ್ನು ಮೆತ್ತಗೆ, ಬಹಳ ಮೆತ್ತಗೆ, ಬೇಕು ಎಂಬುದಕ್ಕೆ ಹತ್ತಿರ ತಂದು ಹೇಳಿದ, ಕೈಯನ್ನು ಪೂರ್ತಿ ಅಡ್ಡ ಹಿಡಿಯದೆ ತಾಟಿನ ಅಂಚಿಗಷ್ಟೇ ಇಟ್ಟ. ಅಜಯ ಆ ಕೈಯನ್ನು ಗೌರವದಿಂದ ನೋಡಿದ. ನಂತರ ಚಂದವ್ವನತ್ತ ತಿರುಗಿದ. ಗಂಡ ಬ್ಯಾಡ ಎಂದ ಮೇಲೆ ಹೆಂಡತಿ ಬೇಕು ಎನ್ನುವುದು ಹೇಗೆ, ಅವಳು ತಲೆ ಅಲ್ಲಾಡಿಸಿದಳು. ತಂದೆ ತಾಯಿ ಇಬ್ಬರೂ ಬ್ಯಾಡ ಎಂದ ಮೇಲೆ ಮದುವೆಯ ಹುಡುಗಿ ಕೋಳಿಯ ರೆಕ್ಕೆಗೆ ಕೈಹಾಕುವುದು ಹೇಗೆ, ಜಯಶ್ರೀ ತಲೆ ಎತ್ತಲೇ ಇಲ್ಲ. ಬೆಳ್ಳಿಯ ಹಿಡಿಕೆಗಳು ಮೆರವಣಿಗೆಯಲ್ಲಿ ಹೋದ ಹಾಗೆ ಹೋದವು. ಕಿಂಡಿಯಲ್ಲಿ ಕೆಂಪು ವಸ್ತ್ರದ ತಲೆ ಒಂದು ಕ್ಷಣ ನಿಂತು ತಾಟನ್ನು ನೋಡಿತು, ನಂತರ ಇತ್ತ ನೋಡಿತು. ಹುಲಿಗೆಪ್ಪ ಅವನಿಗೆ ಕೈ ಎತ್ತಿ, ಎಲ್ಲ ಚಲೋ ಐತಿ ಎಂಬರ್ಥದಲ್ಲಿ ಅಲ್ಲಾಡಿಸಿದ. ದೂರದಿಂದ ಅದು ಹೇಗೆ ಕಂಡಿತೋ.

ಹುಲಿಗೆಪ್ಪ ಚಿಕ್ಕವನಿದ್ದಾಗ ಅವನ ಅವ್ವ ಹೀಗೆಯೇ ಕೈ ಅಲ್ಲಾಡಿಸಿದ್ದಳು, ತನ್ನ ಅಣ್ಣನ ಮನೆಯಲ್ಲಿ. ಬಿಸಿಲಿನಲ್ಲಿ ನಡೆದು ಹೋಗಿದ್ದರು ಅವನೂ ಅವಳೂ, ಅತ್ತೆ ಹೋಳಿಗೆಯ ಬುಟ್ಟಿ ಹಿಡಿದು ಬಂದಳು, ಅವ್ವ ಬ್ಯಾಡ ಎಂದಳು, ಅತ್ತೆ ಮತ್ತೆ ಕೇಳಿದಳು, ಅವ್ವ ಮತ್ತೆ ಬ್ಯಾಡ ಎಂದಳು, ಆಮೇಲೆ ಅತ್ತೆ ಕೇಳಲಿಲ್ಲ. ಮೂರನೆಯದಕ್ಕೆಂದು ಎತ್ತಿದ ಅವ್ವನ ಎರಡೂ ಕೈಗಳು ಹಾಗೆಯೇ ಗಾಳಿಯಲ್ಲಿ ಉಳಿದವು, ಅವುಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಕೂದಲು ಸರಿಮಾಡಿಕೊಂಡಳು. ಅವನು ಅಳಲು ಬಾಯಿ ತೆರೆದಾಗ ಅವಳು ತೊಡೆ ಚಿವುಟಿದಳು. ವಾಪಸು ಬರುವ ದಾರಿಯಲ್ಲಿ ಅವ್ವ ಹೋಳಿಗೆಯ ಕಥೆ ಹೇಳಿದ್ದಳು, ಆಹಾ ಎಷ್ಟು ಮೆತ್ತಗಿತ್ತು, ಹೂರಣ ಹೆಂಗ ಕರಗಿತು, ತುಪ್ಪ ಮೊಣಕೈತನಕ ಇಳೀತು ನೋಡು ಎಂದು, ಮೈಲಿಗಟ್ಟಲೆ. ಊರು ಮುಟ್ಟುವ ಹೊತ್ತಿಗೆ ಅವನಿಗೆ ಖರೇನೇ ಹೊಟ್ಟೆ ತುಂಬಿತ್ತು, ತೇಗು ಸಹ ಬಂದಿತ್ತು. ಸುಳ್ಳು ಹೇಳುವುದನ್ನು ಅವನು ಕಲಿತದ್ದು ಆ ದಾರಿಯಲ್ಲಿ. ಕೇಳಿ ಉಣ್ಣುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಸೈಟಿನಲ್ಲಿ ಜೊತೆಗಾರರು ಚಹಾ ಹಂಚುವಾಗ ಕೂಡ ಅವನು ಯಾರಾದರೂ ಕೊಡುವ ತನಕ ಮುಖ ಬೇರೆ ಕಡೆ ಮಾಡಿ ನಿಲ್ಲುತ್ತಿದ್ದ, ಕೊಡಲು ಮರೆತ ದಿನ ತಲೆನೋವು ಎಂದು ಹೇಳುತ್ತಿದ್ದ.

ಗೋಬಿ ಮಂಚೂರಿ ಬಂದಾಗ ಅವನು ಕುರ್ಚಿಯ ತುದಿಗೆ ಬಂದಿದ್ದ. ಫೋಂಡಾದ ಕೈಗಾಡಿಯಲ್ಲಿ ಕಾಗದದ ತಾಟಿನಲ್ಲಿ ತಿಂದದ್ದು ಇದರ ಬಡ ನೆಂಟ ಎನ್ನಿಸುವಂತೆ, ಇದು ಹಸಿರು ಈರುಳ್ಳಿಯ ಎಲೆ ತಲೆಗೆ ಮುಡಿದು ಮಿಂಚುತ್ತ ಬಂತು. ಈ ಸಲ ಬಾಯಿಯನ್ನೇ ತೆರೆಯುವುದು ಬೇಡ, ಸುಮ್ಮನಿದ್ದರೆ ಬಡಿಸುತ್ತಾನೆ ಎಂದು ತೀರ್ಮಾನಿಸಿದ. ಅಜಯ ಕೇಳಿದ. ಹುಲಿಗೆಪ್ಪ ಹಲ್ಲು ಕಚ್ಚಿದ. ಆದರೆ ನಾಲ್ಕು ತಲೆಮಾರಿನ ಮರ್ಯಾದೆ ಅವನ ಬಲಗೈಯಲ್ಲಿತ್ತು. ಚಮಚ ಹತ್ತಿರ ಬಂದದ್ದೇ ತಡ, ಅವನ ಅಪ್ಪಣೆಯಿಲ್ಲದೆ ಆ ಕೈ ಹಾರಿ ತಾಟನ್ನು ಮುಚ್ಚಿತು. ಅವನೇ ಅದನ್ನು ಬೆರಗಾಗಿ ನೋಡಿದ. ಗೋಬಿ ಹೋಯಿತು. ನಂತರ ನೂಡಲ್ಸು, ಎಳೆ ಎಳೆಯಾಗಿ ಹೊಗೆಯಾಡುತ್ತ, ಅದೂ ಹೋಯಿತು. ಹೋದಷ್ಟೂ ಒಳಗಿನಿಂದ ಇನ್ನೂ ದೊಡ್ಡದು ಬರತೊಡಗಿತು. ಅಡುಗೆಮನೆಯಲ್ಲಿ ಬಾಣಲೆಯ ಸದ್ದು ಏರಿತು, ಬೆಂಕಿ ಕಿಂಡಿಯ ತನಕ ಎದ್ದು ಗೋಡೆಯ ಪ್ರಾಣಿಯ ಬೆಂಕಿಯನ್ನು ಸಪ್ಪೆ ಮಾಡಿತು. ಕಬ್ಬಿಣದ ತಟ್ಟೆಯಲ್ಲಿ ಅನ್ನ, ನೂಡಲ್ಸು, ಮಾಂಸ, ಮೊಟ್ಟೆ ಎಲ್ಲ ಗೋಪುರದಂತೆ ಏರಿಸಿದ್ದು ಬುಸುಗುಟ್ಟುತ್ತ ಬಂತು. ಪ್ರವಾಸಿಗರು ಎದ್ದು ನಿಂತು ಫೋಟೋ ತೆಗೆದರು. ಅದರ ಹೊಗೆಯಲ್ಲಿ ಗಣಪತಿ ಕಾಣದಾದ. ಆ ಹೊಗೆಯ ನಡುವಿನಿಂದ, ದೂರದಲ್ಲಿ ಬೇರೆ ಯಾರೋ ಮಾತಾಡುತ್ತಿರುವಂತೆ, ಹುಲಿಗೆಪ್ಪ ತನ್ನದೇ ದನಿಯನ್ನು ಕೇಳಿದ, ಬ್ಯಾಡ್ರಿ, ಒಟ್ಟ ಬ್ಯಾಡ್ರಿ. ಹೇಳುತ್ತಿರುವಾಗಲೇ ಅವನ ಮೂಗು, ಹೊಟ್ಟೆ, ಎಲ್ಲ ಹಬ್ಬದ ದಿನದ ಹುಡುಗರಂತೆ ಕುಣಿಯುತ್ತಿದ್ದವು. ಇಷ್ಟು ಹಸಿದು, ಇಷ್ಟು ಹುರುಪಿನಲ್ಲಿ, ಇಷ್ಟು ಚಂದದ ಅನ್ನವನ್ನು ಯಾರೂ ಯಾವ ಕಾಲಕ್ಕೂ ಬ್ಯಾಡ ಎಂದಿರಲಿಕ್ಕಿಲ್ಲ. ಇನ್ನೊಂದು ಸಲ ಕೇಳಲಿ, ಒಂದೇ ಒಂದು ಸಲ. ಗೋಪುರ ಬುಸುಗುಟ್ಟುತ್ತಲೇ ಹಿಂದಿರುಗಿತು.

ಆಮೇಲೆ ಏನೂ ಬರಲಿಲ್ಲ. ಬಾಣಲೆಯ ಸದ್ದು ನಿಂತಿತು. ಕಿಂಡಿಯಲ್ಲಿ ತಲೆ ಇರಲಿಲ್ಲ. ಅಜಯ ಬರಿಗೈಯಲ್ಲಿ ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಚಿಕ್ಕದೊಂದು ಬಟ್ಟಲು ತಂದು ಟೇಬಲ್ಲಿನ ನಡುವೆ ಇಟ್ಟ. ಅದರಲ್ಲಿ ಸೋಂಪು, ಕಲ್ಲುಸಕ್ಕರೆ. ಊಟವಾಯಿತು ಎಂಬುದಕ್ಕೆ ಕೊಡುವುದು. ಇದನ್ನು ಮಾತ್ರ ಅವನು ಕೇಳದೆ ಕೊಟ್ಟಿದ್ದ. ಹುಲಿಗೆಪ್ಪ ಸೋಂಪನ್ನು ನೋಡಿದ. ಮೂರು ತಾಟು ಮೂರು ಚಂದ್ರರ ಹಾಗೆ ಹೊಳೆಯುತ್ತಿದ್ದವು. ಅದರಲ್ಲೊಂದರಲ್ಲಿ ಅವನಿಗೆ ಮಗಳ ಮುಖದ ಅರ್ಧ ಕಂಡಿತು, ಆ ಅರ್ಧ ಅಳುತ್ತಿತ್ತು.

“ಬ್ಯಾಡಾಗಿದ್ರ ಬಸ್ಸಿನ್ಯಾಗ ಹೇಳಬೇಕಿತ್ತಪ್ಪಾ,” ಎಂದಳು ಜಯಶ್ರೀ, ತಾಟಿಗೇ ಹೇಳುವಂತೆ ತಗ್ಗಿದ ದನಿಯಲ್ಲಿ. “ಇಲ್ಲಿತನಕ ಬಂದು ಅವರ ಅನ್ನ ತಿರುಗಿಸಬಾರದಿತ್ತು. ನೀರೂ ಮುಟ್ಟಲಿಲ್ಲ ನೀ.”

ಹುಲಿಗೆಪ್ಪನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅವನು ಚಂದವ್ವನತ್ತ ನೋಡಿದ. ಅವಳು ಚೀಲವನ್ನು ಆಗಲೇ ಮಡಿಲಿಗೆ ಎತ್ತಿಕೊಂಡಿದ್ದಳು, ಏಳುವವಳ ಹಾಗೆ. ಹುಡುಗನಲ್ಲಿ ನಿಮಗ ಏನ ಕಂಡತೋ ಏನೋ, ಗಂಡಸರು ನೋಡಿದ್ದು ನಮಗೇನ ತಿಳೀತದ, ನಾ ಅಂತೂ ನಿಮ್ಮ ಕೈ ನೋಡಿ ಸುಮ್ಮನಾದ್ನಿ ಎಂದಳು. ಆಗ ಎಲ್ಲ ಒಟ್ಟಿಗೆ ಬಂದು ಅವನ ತಲೆಯ ಮೇಲೆ ಬಿತ್ತು. ನೀರಿನ ಬಾಟಲಿ, ಸೂಪು, ಬೆಳ್ಳಿ ಹಿಡಿಕೆಗಳು, ಗೋಪುರ, ಒಂದೊಂದನ್ನೂ ಅವನು ಕೈಯೆತ್ತಿ ಅಡುಗೆಮನೆಗೆ ಕಳಿಸಿದ್ದ, ಒಂದೊಂದೂ ಹೋಗಿ ಆ ಹುಡುಗನಿಗೆ ನಿನಗೆ ಹೆಣ್ಣಿಲ್ಲ ಎಂದು ಹೇಳಿತ್ತು. ಆ ಹುಡುಗ ಪ್ರತಿ ಸಲವೂ ಇನ್ನೂ ದೊಡ್ಡದನ್ನು ಮಾಡಿ ಕಳಿಸಿ ಕೇಳಿದ್ದ. ಕೇಳಿದ್ದ! ಎರಡಲ್ಲ, ಮೂರಲ್ಲ, ಅದಕ್ಕೂ ಹೆಚ್ಚು ಸಲ ಕೇಳಿದ್ದ. ಒತ್ತಾಯ ಮಾಡುವವನು ಇಲ್ಲದೇ ಇರಲಿಲ್ಲ, ಒಳಗೆ ಇದ್ದ. ಅತ್ತೆಯ ಹಾಗೆ ಅನ್ನ ಹಿಂದಕ್ಕೆ ಕಳಿಸಿದವನೂ, ಅವ್ವನ ಹಾಗೆ ಹಸಿದು ಕೈ ಎತ್ತಿದವನೂ ಎರಡೂ ತಾನೇ ಆಗಿ ಇಲ್ಲಿ ಕೂತುಬಿಟ್ಟಿದ್ದ. ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಆದರೆ ನಾಚಿಕೆಯ ಬೆನ್ನಿಗೆ, ಅದನ್ನು ತಳ್ಳಿಕೊಂಡು, ಒಂದು ವಿಚಿತ್ರ ಸಂತೋಷ ಬಂತು. ಎಲ್ಲ ಇನ್ನೂ ಒಳಗೇ ಇದೆ. ಯಾವುದೂ ಮುಗಿದಿಲ್ಲ. ಗೋಪುರ ಇನ್ನೂ ಬಿಸಿ ಇರಬೇಕು.

ಅವನು ಎದ್ದ. ಚಂದವ್ವ ಹೊರಡುವುದೆಂದು ತಿಳಿದು ತಾನೂ ಎದ್ದಳು. ಕುಂಡರು ಎಂದ, ಯಾಕೋ ದನಿ ದೊಡ್ಡದಾಯಿತು. ಕೆಂಪು ಬುಡ್ಡಿಗಳ ಕೆಳಗೆ ತಲೆ ತಾಗುತ್ತ ನಡೆದ. ಮೀನು ಅವನ ಜೊತೆ ಗಾಜಿನ ಈ ತುದಿಯಿಂದ ಆ ತುದಿಯವರೆಗೆ ಈಜಿ ಬಂದು ನಿಂತಿತು. ಅಲ್ಲಿಂದ ಮುಂದೆ ಅವನೊಬ್ಬನೇ. ಅಡುಗೆಮನೆಯ ಬಾಗಿಲ ಮೇಲೆ ಕೆಲಸದವರಿಗೆ ಮಾತ್ರ ಎಂದು ಬರೆದಿತ್ತಂತೆ, ಹುಲಿಗೆಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಬಂದಿದ್ದರೂ ಅವನು ತನ್ನನ್ನು ಕೆಲಸದವನೆಂದೇ ಎಣಿಸುತ್ತಿದ್ದ. ಅಜಯ ಅಡ್ಡ ಬಂದು ಸರ್ ಏನಾದರೂ ಬೇಕೇ ಎಂದು ಕೇಳಿದ. ಇದೇ, ಇದೇ ಆ ಎರಡನೆಯ ಸಲ ಎಂದು ಹುಲಿಗೆಪ್ಪನಿಗೆ ಹೊಳೆಯಿತು. ಆದರೆ ಬಾಯಿ ಆಗಲೇ ರೂಢಿಯಂತೆ ಏನೂ ಬ್ಯಾಡ ಎಂದುಬಿಟ್ಟಿತ್ತು, ಅದಕ್ಕೇ ಅವನು ಬಾಯಿಯನ್ನು ಅಲ್ಲಿಯೇ ಬಿಟ್ಟು ಕಾಲುಗಳನ್ನು ಒಳಗೆ ತಂದ.

ಒಳಗೆ ಬಿಸಿ. ಹೊರಗಿನ ತಂಪಿನಲ್ಲಿ ಮರೆತಿದ್ದ ಗೋವೆಯೇ ಅಲ್ಲಿತ್ತು. ಎಣ್ಣೆ ಹಿಡಿದ ಗೋಡೆ, ಬೆಳ್ಳುಳ್ಳಿಯ ಗುಡ್ಡ, ಕಪ್ಪು ಬಾಟಲಿಗಳು. ಅಡ್ಡ ಕಟ್ಟೆಯ ಮೇಲೆ ಎಲ್ಲವೂ ಸಾಲಾಗಿ ಕೂತಿದ್ದವು. ಸೂಪಿನ ಮೇಲಿನ ಸೇವು ಮೆತ್ತಗಾಗಿತ್ತು, ಲಾಲಿಪಾಪ್‌ಗಳು ಹಿಡಿಕೆ ಮೇಲೆ ಮಾಡಿ ಮಲಗಿದ್ದವು, ಗೋಪುರ ಒಂದು ಕಡೆ ಕುಸಿದಿತ್ತು. ಹೆಣ್ಣಿನವರು ಎದ್ದು ಹೋದ ಮನೆಯ ಪಡಸಾಲೆಯ ಹಾಗಿತ್ತು ಅದು. ಭರತ ಇತ್ತ ಬೆನ್ನು ಮಾಡಿ, ತಲೆಯ ಕೆಂಪು ವಸ್ತ್ರ ಬಿಚ್ಚಿ ಅದರಲ್ಲಿ ಮುಖ ಒರೆಸುತ್ತ ಫೋನಿನಲ್ಲಿ ಮಾವನೊಂದಿಗೆ ಮಾತಾಡುತ್ತಿದ್ದ. ಇಲ್ಲ ಮಾಮಾ, ಒಂದಗುಳೂ ಇಲ್ಲ, ನೀರ ಸೈತ ಇಲ್ಲ, ಬಿಡು, ನಾ ಏನೂ ಅನ್ನಂಗಿಲ್ಲ, ಅವರ ಮಗಳು ಅವರ ಇಷ್ಟ ಎನ್ನುತ್ತಿದ್ದ. ಆಮೇಲೆ ತಿರುಗಿ ಹುಲಿಗೆಪ್ಪನನ್ನು ಕಂಡು ಫೋನನ್ನು ಕಿವಿಯಿಂದ ಇಳಿಸಿದ. ಒಳಗಿನಿಂದ ಪರಮಣ್ಣನ ದನಿ ಸಣ್ಣಗೆ ಹಲೋ ಹಲೋ ಎನ್ನುತ್ತಲೇ ಇತ್ತು.

ಹುಲಿಗೆಪ್ಪನಿಗೆ ಹೇಳಬೇಕಾದ್ದು ಗೊತ್ತಿತ್ತು. ಬಾಯಿಗೆ ಅದು ಗೊತ್ತಿರಲಿಲ್ಲ. ಬಾಯಿ ಮೊದಲು ಬೆಳ್ಳುಳ್ಳಿ ಭಾಳ ತರಸ್ತೀರಿ ಎಂದಿತು. ನಂತರ ಈ ಗ್ವಾಡಿಗೆ ಗಿಲಾಯಿ ಯಾರು ಮಾಡ್ಯಾರ, ತ್ಯಾವ ಹಿಡದೈತಿ ಎಂದಿತು. ಭರತ ಹೌದ್ರಿ ಕಾಕಾರ ಎಂದು ಗೋಡೆ ನೋಡಿದ. ಇಬ್ಬರೂ ಒಟ್ಟಿಗೆ ಗೋಡೆ ನೋಡಿದರು. ಆ ಹೊತ್ತಿಗೆ ಹೊಟ್ಟೆ, ಬಾಣಸ್ತಾರಿಯ ಸೇತುವೆಯ ಮೇಲೆ ಬಸ್ಸು ನಿಲ್ಲಿಸಿದ್ದ ಅದೇ ಹೊಟ್ಟೆ, ಇನ್ನು ಈ ಮನುಷ್ಯನನ್ನು ನಂಬಿ ಕೂರುವುದರಲ್ಲಿ ಅರ್ಥವಿಲ್ಲವೆಂದು ತಾನೇ ಮಾತಾಡಿತು. ಪಾತ್ರೆ ತೊಳೆಯುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಗುಡುಗಿತೇನೋ ಎಂದು ಹೊರಗೆ ಪ್ರವಾಸಿಗರು ಕಿಟಕಿಯತ್ತ ನೋಡಿದರೆಂದು ಅಜಯ ಆಮೇಲೆ ಹೇಳಿದ. ಭರತನ ಕಣ್ಣುಗಳು ಹುಲಿಗೆಪ್ಪನ ಅಂಗಿಯ ಗುಂಡಿಗಳ ಮೇಲೆ ನಿಂತವು.

“ಹೊಟ್ಟಿ ಹಸದೈತೋ ತಮ್ಮಾ,” ಎಂದ ಹುಲಿಗೆಪ್ಪ. ತನ್ನ ದನಿ ಹೊಸದಾಗಿ ಕೇಳಿಸಿತು, ಹುಡುಗನ ದನಿಯಂತೆ, ಬಿಸಿಲಿನಲ್ಲಿ ಅವ್ವನ ಕೈ ಹಿಡಿದು ನಡೆಯುತ್ತಿದ್ದವನ ದನಿಯಂತೆ. “ನಿನ್ನೆಯಿಂದ ಹಸಗೊಂಡು ಬಂದೇನಿ. ಉಣ್ಣಾಕ ಹಾಕು.”

ಭರತ ಕೆಂಪು ವಸ್ತ್ರವನ್ನು ಮತ್ತೆ ತಲೆಗೆ ಬಿಗಿದ, ಒಲೆಯ ಕಿವಿ ತಿರುವಿದ, ಬೆಂಕಿ ಭಗ್ಗೆಂದು ಎದ್ದಿತು. ಆರಿದ್ದನ್ನು ಹಾಕುವುದಿಲ್ಲ ಎಂಬಂತೆ ಕಟ್ಟೆಯ ಸಾಲನ್ನು ಮೊಣಕೈಯಿಂದ ಬದಿಗೆ ಸರಿಸಿ, ಹೊಸ ನೂಡಲ್ಸು ಬಾಣಲೆಗೆ ಎಸೆದ. ಅದು ಗಾಳಿಯಲ್ಲಿ ಎದ್ದು, ಒಮ್ಮೆ ಮಗ್ಗುಲು ಬದಲಿಸಿ, ಮತ್ತೆ ಬಂದು ಬಿತ್ತು. ತಾಟು ತರುವಷ್ಟು ತಾಳ್ಮೆ ಯಾರಿಗಿತ್ತು. ಹುಲಿಗೆಪ್ಪ ಒಲೆಯ ಮುಂದೆ ನಿಂತೇ ಬಾಣಲೆಗೆ ಕೈಹಾಕಿದ, ಬೆರಳು ಸುಟ್ಟಿತು, ಅಂಗೈಯ ಹಿಂಬದಿಗೆ ಕೆಂಪನೆಯ ಎಣ್ಣೆ ಸಿಡಿಯಿತು, ಕಲೆಯಾಗುತ್ತದೆ, ಆಗಲಿ ಎಂದುಕೊಂಡ. ಬಾಯಿಗೆ ಹಾಕಿಕೊಂಡ ಎಳೆ ಮುಗಿಯಲೇ ಇಲ್ಲ. ಎಳೆದ, ಇನ್ನೂ ಬಂತು. ಒಂದು ತುದಿ ತನ್ನ ಹಲ್ಲಿನಲ್ಲಿ, ಇನ್ನೊಂದು ತುದಿ ಒಲೆಯ ಮೇಲೆ, ಆ ತುದಿಯಲ್ಲಿ ಅಡುಗೆಯವನು. ಸೈಟಿನಲ್ಲಿ ಹೇಳಿದ್ದು ಒಂದಕ್ಷರ ಸುಳ್ಳಾಗಿರಲಿಲ್ಲ. ಅವನಿಗೆ ಎಷ್ಟು ನಗು ಬಂತೆಂದರೆ ಖಾರ ನೆತ್ತಿಗೇರಿತು, ಕಣ್ಣಲ್ಲಿ ನೀರು ತುಂಬಿತು. ಭರತ ಓಡಿ ನೀರು ತಂದ, ಅವನು ಬ್ಯಾಡ ಎನ್ನದೆ ಗಟಗಟ ಕುಡಿದ. ಆ ಸದ್ದು ಕಟ್ಟೆಯ ಮೇಲಿಟ್ಟಿದ್ದ ಫೋನಿನೊಳಗೂ ಹೋಗಿರಬೇಕು, ಪರಮಣ್ಣ ಹಲೋ ಎನ್ನುವುದನ್ನು ನಿಲ್ಲಿಸಿದ. ಕಿಂಡಿಯ ಆಚೆ ಚಂದವ್ವ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು, ಅವಳ ಭುಜದ ಹಿಂದೆ ಜಯಶ್ರೀಯ ಪೂರ್ತಿ ಮುಖ ಕಂಡಿತು. ಮಗಳ ಕೈಯಲ್ಲಿ ಎರಡು ಖಾಲಿ ತಾಟುಗಳಿದ್ದವು, ಕಿಂಡಿಯೊಳಗೆ ಚಾಚಿದ್ದಳು.

ಭರತ ಅವೆರಡನ್ನೂ ತುಂಬಿ ಕೊಟ್ಟು ಹುಲಿಗೆಪ್ಪನ ಹತ್ತಿರ ಬಂದ. ಈಗ ಹುಲಿಗೆಪ್ಪನ ಕೈಯಲ್ಲೂ ತಾಟಿತ್ತು, ಅದರ ತುಂಬ ಮತ್ತೆ ಬಿಸಿ ಮಾಡಿದ ಅನ್ನ, ಲಾಲಿಪಾಪ್, ಗೋಬಿ, ಎಲ್ಲ ಒಂದರ ಮೇಲೊಂದು. ಭರತ ಸೌಟು ಎತ್ತಿದ. ಹುಲಿಗೆಪ್ಪನ ಬಲಗೈ ತಾನಾಗಿಯೇ ಎದ್ದು ತಾಟಿಗೆ ಅಡ್ಡ ಬಂತು. ಎಡಗೈಯಲ್ಲಿ ತಾಟು ಇದ್ದುದರಿಂದ ಅದೊಂದು ಬರಲಿಲ್ಲ, ಉಳಿದದ್ದೆಲ್ಲ ಬಂತು.

“ಸಾಕೋ, ಸಾಕು, ಒಟ್ಟ ಬ್ಯಾಡ, ಜೀವ ತಗೀತಿ ಏನ,” ಎಂದ.

“ಸುಮ್ನ ಕೈ ತಗೀರಿ ಮಾವಾರ,” ಎಂದ ಭರತ. ಬೆರಳುಗಳ ನಡುವಿನ ಸಂದಿಯನ್ನು ಒಮ್ಮೆ ನೋಡಿ, ಅದರೊಳಗೆ ಸೌಟಿನ ತುಂಬ ಇದ್ದದ್ದನ್ನೆಲ್ಲ ಸುರಿದ.